ಪೀರನವಾಡಿಯಿಂದಾಚೆಯ ಕಂದೀಲು

ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿಯೊಂದನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ಒಳಗೆ ಮೂವತ್ತೊಂದು ಖಾಲಿ ಸಿಗರೇಟು ಪಾಕೀಟುಗಳಿವೆ. ಎಲ್ಲವೂ ಒಂದೇ ಸಿಗರೇಟಿನವು, ಆದರೆ ಒಂದೊಂದೂ ಒಂದೊಂದು ದೇಶದ್ದು. ಇದನ್ನು ಎಸೆಯಬೇಕೆಂದುಕೊಂಡು ಒಂದು ತಿಂಗಳಾಯಿತು. ಈ ಹೊತ್ತು ಮುಂಜಾನೆ ಕಸದ ಗಾಡಿ ಬಂದಾಗ ಡಬ್ಬಿ ಹಿಡಿದು ಬಾಗಿಲಿಗೂ ಹೋಗಿದ್ದೆ. ಇದು ಒಣ ಕಸವೋ ಹಸಿ ಕಸವೋ ಎಂದು ಯೋಚಿಸುತ್ತ ನಿಂತೆ, ಗಾಡಿ ಹಾಡು ಹಾಕಿಕೊಂಡು ಮುಂದಿನ ಓಣಿಗೆ ಹೋಯಿತು. ರಟ್ಟಿನ ಪಾಕೀಟು ಒಣ ಕಸವೆನ್ನುವುದು ನನಗೆ ಗೊತ್ತಿಲ್ಲದೆ ಏನಿಲ್ಲ. ಮನಸ್ಸಿಲ್ಲದ ಮನುಷ್ಯ ನೆಪ ಹುಡುಕಲು ಬಹಳ ದೂರ ಹೋಗುವುದಿಲ್ಲ.

ಸಿಗರೇಟಿನ ಹೆಸರು ಹೇಳುವುದಿಲ್ಲ. ಮೂವತ್ತೆಂಟು ವರ್ಷ ಅದನ್ನು ತುಟಿಯಲ್ಲಿಟ್ಟುಕೊಂಡು ಊರೆಲ್ಲ ತಿರುಗಿ ಬಿಟ್ಟಿ ಜಾಹೀರಾತು ಕೊಟ್ಟಿದ್ದೇ ಸಾಕು. ಪಾಕೀಟಿನ ಮೇಲೆ ಸಮುದ್ರದಂಡೆಯ ದೀಪಸ್ತಂಭದ ಚಿತ್ರ ಇರುತ್ತದೆ. ನಮ್ಮ ಬೆಳಗಾವಿಯಲ್ಲಿ ಸಮುದ್ರ ಎಲ್ಲಿಂದ ಬರಬೇಕು, ದೀಪಸ್ತಂಭ ಯಾರು ನೋಡಿರಬೇಕು? ಬೀಡಾ ಅಂಗಡಿಯವರು ಅದನ್ನು ಕಂದೀಲು ಎಂದು ತಿಳಿದರು. 'ಒಂದ್ ಕಂದೀಲ ಕೊಡ್ರಿ' ಎಂದರೆ ಕನ್ನಡದವನೂ ಕೊಡುತ್ತಿದ್ದ, ಮರಾಠಿಯವನೂ ಕೊಡುತ್ತಿದ್ದ. ಈ ಊರಿನಲ್ಲಿ ಇಬ್ಬರೂ ತಕರಾರಿಲ್ಲದೆ ಒಪ್ಪಿಕೊಂಡ ಹೆಸರುಗಳು ಹೆಚ್ಚಿಲ್ಲ. ಅದರಲ್ಲಿ ಇದೊಂದು.

ನನ್ನದು ಆಟೋ ನಗರದಲ್ಲಿ ಲಾರಿಗಳ ಕ್ಲಚ್ ಪ್ಲೇಟು, ಬ್ರೇಕ್ ಶೂ ಮಾರುವ ಅಂಗಡಿ. ಮನೆ ಊರೊಳಗೆ, ಬಸದಿಗೆ ಹತ್ತಿರ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ, ನೆಲದೊಳಗೆ ಬೆಳೆದದ್ದು ಒಲೆಯ ಹತ್ತಿರ ಸುಳಿಯುವಂತಿಲ್ಲ. ಉಳ್ಳಾಗಡ್ಡಿಗೆ ಪ್ರವೇಶವಿಲ್ಲದ ಆ ಮನೆಯೊಳಗೆ ನಾನು ದಿನಕ್ಕೆ ಹನ್ನೆರಡು ಕಂದೀಲು ಸೇದುತ್ತಿದ್ದೆ. ಪಡಸಾಲೆಯಲ್ಲಿ ಕೂತು ಪತ್ರಿಕೆ ಓದುತ್ತ, ಹಿತ್ತಲ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತ. ಹೆಂಡತಿ ಏನೂ ಅನ್ನುತ್ತಿರಲಿಲ್ಲ. ಕಿಟಕಿ ತೆಗೆಯುತ್ತಿದ್ದಳು, ಅಷ್ಟೇ. ಅವಳು ಹೇಳಬೇಕಾದದ್ದನ್ನೆಲ್ಲ ಕಿಟಕಿ, ಬಾಗಿಲು, ಪಾತ್ರೆಗಳ ಕಡೆಯಿಂದ ಹೇಳಿಸುವವಳು. ನನಗೆ ಆ ಭಾಷೆ ಬರುತ್ತಿರಲಿಲ್ಲ ಅಂತಲ್ಲ, ಕಲಿಯುವ ತೊಂದರೆ ತೆಗೆದುಕೊಳ್ಳಲಿಲ್ಲ.

ಹನ್ನೊಂದು ವರ್ಷದ ಕೆಳಗೆ ಊರಿನಲ್ಲಿ ಒಬ್ಬ ಮುನಿ ಮಹಾರಾಜರ ಚಾತುರ್ಮಾಸವಿತ್ತು. ಮಳೆಗಾಲದ ನಾಲ್ಕು ತಿಂಗಳು ಅವರು ಒಂದೇ ಕಡೆ ನಿಲ್ಲುತ್ತಾರೆ. ಆಗ ಜನ ಹೋಗಿ ನಮಸ್ಕಾರ ಮಾಡಿ ಏನಾದರೊಂದು ನೇಮ ಹಿಡಿಯುವುದು ವಾಡಿಕೆ. ಒಬ್ಬರು ಆಲೂಗಡ್ಡೆ ಬಿಡುತ್ತಾರೆ, ಒಬ್ಬರು ಹಾಸಿಗೆ ಬಿಡುತ್ತಾರೆ, ಚಾಡಿ ಹೇಳುವುದನ್ನು ಬಿಡುತ್ತೇನೆಂದು ನೇಮ ಹಿಡಿದು ಮೆಟ್ಟಿಲು ಇಳಿಯುತ್ತಲೇ ಪಕ್ಕದವರ ಚಾಡಿ ಶುರು ಮಾಡಿದವರನ್ನೂ ನೋಡಿದ್ದೇನೆ. ನನ್ನನ್ನು ಹೆಂಡತಿ ಮುಂದೆ ದೂಡಿದಳು. ಮಹಾರಾಜರ ಮುಂದೆ ಕೈಮುಗಿದು ಕೂತಾಗ ಪೂರ್ತಿ ಬಿಡುತ್ತೇನೆ ಎನ್ನುವ ಮಾತು ಗಂಟಲಿನಿಂದ ಮೇಲೆ ಬರಲಿಲ್ಲ. ವ್ಯಾಪಾರಿಯ ಬುದ್ಧಿ ನೋಡಿ, ಅಲ್ಲೂ ಚೌಕಾಶಿ ಮಾಡಿದೆ.

'ಮಹಾರಾಜರ, ಊರಾಗ ಸೇದಂಗಿಲ್ಲರಿ. ಪೀರನವಾಡಿ ದಾಟಿದ ಮ್ಯಾಲ ಅಷ್ಟ.'

ಪೀರನವಾಡಿ ಆಗ ಖಾನಾಪುರದ ದಾರಿಯಲ್ಲಿ ಊರಿನ ಅಂಚಿಗಿದ್ದ ಹಳ್ಳಿ. ನಮ್ಮಲ್ಲಿ ದಿಗ್ವ್ರತ ಎನ್ನುವುದೊಂದಿದೆ. ಈ ದಿಕ್ಕಿಗೆ ಇಷ್ಟು ದೂರ, ಅದರಾಚೆ ಹೋಗುವುದಿಲ್ಲ ಎಂದು ಗೃಹಸ್ಥರು ತಮ್ಮ ಓಡಾಟಕ್ಕೆ ಗಡಿ ಹಾಕಿಕೊಳ್ಳುತ್ತಾರೆ. ಗಡಿಯಾಚೆಗಾದರೂ ತಮ್ಮಿಂದ ಯಾವ ಪಾಪವೂ ನಡೆಯದಿರಲಿ ಎನ್ನುವುದು ಅದರ ಉದ್ದೇಶ. ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಕಲಿತಿದ್ದು ಅರ್ಧಮರ್ಧ ನೆನಪಿತ್ತು. ನಾನು ಅದನ್ನು ತಲೆಕೆಳಗು ಮಾಡಿ, ಪಾಪವನ್ನೇ ಗಡಿಯಾಚೆ ಇಟ್ಟುಕೊಂಡು ಬಂದೆ. ಮಹಾರಾಜರು ನಕ್ಕರು. ಬೈಯಲಿಲ್ಲ.

'ಆಗ್ಲಿ. ಆದ್ರ ವರ್ಷಾ ವರ್ಷಾ ಆ ಗಡಿ ಮುಂದ ಸರಿಸ್ಕೋತ ಹೋಗ್ರಿ. ಒಂದಿನ ಸೇದಾಕ ಜಾಗಾನ ಉಳಿಬಾರ್ದು' ಎಂದು ನವಿಲುಗರಿಯ ಪಿಂಛಿಯನ್ನು ನನ್ನ ತಲೆಯ ಮೇಲೆ ಇಟ್ಟು ಆಶೀರ್ವಾದ ಮಾಡಿದರು.

ಈಗ ಲೆಕ್ಕ ಹಾಕಿದರೆ, ಹನ್ನೊಂದು ವರ್ಷಕ್ಕೆ ನನ್ನ ಗಡಿ ಖಾನಾಪುರ ದಾಟಿ ಗೋವಾದ ಘಟ್ಟದ ಹತ್ತಿರವಾದರೂ ಹೋಗಿರಬೇಕಿತ್ತು. ಒಂದು ಮಾರೂ ಸರಿಸಲಿಲ್ಲ. ಈ ನಡುವೆ ಊರೇ ಬೆಳೆದು ಪೀರನವಾಡಿಯನ್ನು ಒಳಗೆ ಎಳೆದುಕೊಂಡಿತು, ಹೊಲಗಳಿದ್ದಲ್ಲಿ ನಿವೇಶನದ ಕಲ್ಲು ನಿಂತವು, ಅದರ ಮುಂದಿನ ಮಚ್ಛೆಯವರೆಗೂ ಅಂಗಡಿಗಳ ಸಾಲು ಹಬ್ಬಿತು. ನನ್ನ ಗಡಿ ಮಾತ್ರ ಪೀರನವಾಡಿ ನಾಕಾದ ಹತ್ತಿರದ ಒಂದು ಟಯರ್ ಅಂಗಡಿಯ ಬೋರ್ಡಿನಲ್ಲೇ ಇತ್ತು.

ನೇಮಕ್ಕೆ ಸಾಕ್ಷಿ ಹೆಂಡತಿ. ಊರೊಳಗೆ ಪಾಕೀಟು ನನ್ನ ಕಿಸೆಯಲ್ಲಿ ಇರಬಾರದೆಂದು ಅದನ್ನು ಅವಳ ಚೀಲದಲ್ಲಿ ಇಡುವುದೆಂದಾಯಿತು. ಖಾನಾಪುರದಲ್ಲಿ, ರೈಲು ನಿಲ್ದಾಣದ ಬಳಿ, ಅವಳ ಅಕ್ಕನ ಮನೆಯಿದೆ. ಗಂಡ ತೀರಿಕೊಂಡ ಮೇಲೆ ಅಕ್ಕ ಅಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಊರ ಹೆಂಗಸರ ಕುಪ್ಪಸ ಹೊಲಿಯುತ್ತಾರೆ. ಭಾನುವಾರ ಆಟೋ ನಗರ ಬಂದ್. ನಾವಿಬ್ಬರೂ ನನ್ನ ಹಳೆಯ ಕಾರಿನಲ್ಲಿ ಹೊರಡುತ್ತಿದ್ದೆವು. ಉದ್ಯಮಬಾಗ ದಾಟುವಾಗಲೇ ನನ್ನ ಬಾಯಿ ಒಣಗುತ್ತಿತ್ತು. ಟಯರ್ ಅಂಗಡಿ ಬಂದ ಕೂಡಲೇ ಅವಳು ಚೀಲದ ಜಿಪ್ ಎಳೆದು, ಪಾಕೀಟು ತೆಗೆದು, 'ಹಿಡೀರಿ, ಗಡಿ ಬಂತು' ಎಂದು ಕೊಡುತ್ತಿದ್ದಳು. ಕಡ್ಡಿಪೆಟ್ಟಿಗೆಯೂ ಅವಳದೇ. ಎಷ್ಟು ಅನುಕೂಲದ ಹೆಂಡತಿ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ವಾರದ ನಡುವೆ ಮಚ್ಛೆಯ ಕಡೆಯ ಗ್ಯಾರೇಜಿನವರು ಕರೆದರೆ ಕೆಲಸ ಬಿಟ್ಟು ಸ್ಕೂಟರ್ ಏರುತ್ತಿದ್ದೆ, ಅದೂ ಖರೆ. ಅಲ್ಲೇ ಬಿಡಿಯಾಗಿ ಕೊಂಡು ಎರಡು, ಮೂರು. ಉಳಿದ ಹೊತ್ತು ಲವಂಗ ಕಡಿಯುತ್ತ, ಬಂದ ಗಿರಾಕಿಯ ಮೇಲೆ ಹರಿಹಾಯುತ್ತ ಕಾಲ ಕಳೆಯುತ್ತಿದ್ದೆ. ಆದರೆ ನೇಮ ಮುರಿಯಲಿಲ್ಲ. ಓಣಿಯಲ್ಲಿ ನನ್ನ ನೇಮನಿಷ್ಠೆಯನ್ನು ಹೊಗಳುವವರೂ ಇದ್ದರು, ನಾನು ಬೇಡವೆನ್ನಲಿಲ್ಲ.

ಖಾನಾಪುರ ಮುಟ್ಟಿದ ಮೇಲೆ ಅವಳನ್ನು ಅಕ್ಕನ ಬಾಗಿಲಲ್ಲಿ ಇಳಿಸಿ ನಾನು ಮಲಪ್ರಭೆಯ ದಂಡೆಗೆ ಹೋಗುತ್ತಿದ್ದೆ. ಹೆಂಚು ಸುಡುವ ಮಣ್ಣಿನ ಆ ಊರಿನಲ್ಲಿ ಬೇಸಿಗೆಯಲ್ಲಿ ಹೊಳೆ ಕೂಡ ಕೆಂಪಗೆ ಕಾಣುತ್ತದೆ. ಅಲ್ಲಿ ಸಿಕ್ಕವನು ಹಡಗಿನ ಅಡುಗೆಯವ. ಹತ್ತಿರದ ಹಳ್ಳಿಯವನು, ಗೋವಾದ ಕಡೆಯಿಂದ ಹಡಗು ಹತ್ತಿ ಎಂಟೊಂಬತ್ತು ತಿಂಗಳು ದೇಶ ಸುತ್ತಿ ಬರುವವನು. ಅವನ ಹಳೆಯ ಜೀಪಿಗೆ ನಾನೇ ಕ್ಲಚ್ ಪ್ಲೇಟು ಕೊಟ್ಟದ್ದು. ನನ್ನ ಕೈಯಲ್ಲಿ ಕಂದೀಲು ನೋಡಿ ಮುಖ ಅರಳಿಸಿದ.

'ನಿಮ್ದೂ ಇದ ಬ್ರಾಂಡ್ ಏನ್ರಿ? ಇದರ ಅಣ್ಣತಮ್ಮರನ್ನ ನೀವು ನೋಡೇ ಇಲ್ಲ. ಮುಂದಿನ ಸಲ ತರ್ತೀನಿ ತಡೀರಿ.'

ತಂದ. ಮೊದಲು ಕೊಲ್ಲಿ ದೇಶದ್ದು. ಅಕ್ಷರ ಬಲದಿಂದ ಎಡಕ್ಕೆ ಹೊರಳಿತ್ತು, ಅದರ ಜೊತೆ ದೀಪಸ್ತಂಭವೂ ಎಡಗಡೆಯ ಅಂಚಿಗೆ ಸರಿದು ನಿಂತಿತ್ತು. ಸೇದಿದರೆ ಏನೂ ಸೇದಿದಂತೆಯೇ ಇಲ್ಲ, ಅಷ್ಟು ಸಪ್ಪೆ. ಮುಂದಿನ ಸಲ ಜಪಾನಿನದು ಬಂತು. ಪೆನ್ನಿನಂತೆ ತೆಳ್ಳಗೆ, ಫಿಲ್ಟರಿನೊಳಗೆ ಇದ್ದಿಲಿನ ಕಾಳು. ಇಂಡೋನೇಷ್ಯಾದ್ದಕ್ಕೆ ಲವಂಗ ಬೆರೆಸಿದ್ದರು, ಸೇದುವಾಗ ಒಗ್ಗರಣೆಯಂತೆ ಚಟಪಟ ಅನ್ನುತ್ತಿತ್ತು, ತುಟಿ ಸಿಹಿಯಾಗುತ್ತಿತ್ತು. ದಕ್ಷಿಣ ಅಮೆರಿಕದ್ದು ಮೆತ್ತನೆಯ ಕಾಗದದ ಪಾಕೀಟು, ಎದೆಗೆ ಗುದ್ದಿದಂತೆ ಖಾರ. ಹೆಸರು ಒಂದೇ, ದೀಪವೂ ಒಂದೇ.

'ಹೆಸರೊಂದ ನೋಡ್ರಿ, ಮಾಲ್ ಬ್ಯಾರೆ' ಎನ್ನುತ್ತಿದ್ದ ಅಡುಗೆಯವ. 'ಆಯಾ ದೇಶದ ಮಂದಿ ನಾಲಿಗಿ ನೋಡಿ ಮಾಡ್ತಾರ. ಸಾರು ಎಲ್ಲಾ ಕಡೆ ಸಾರಽ, ಆದ್ರ ನಮ್ಮ ಸಾರು ಗೋವಾದವರು ಉಣ್ತಾರೇನು?'

ಅದರ ಹುಟ್ಟಿನ ಕತೆಯನ್ನೂ ಅವನೇ ಹೇಳಿದ್ದು. ಯಾವುದೋ ಬಂದರಿನ ಊರಿನಲ್ಲಿ ಒಬ್ಬ ವ್ಯಾಪಾರಿ ನಾವಿಕರಿಗೆಂದು ತಂಬಾಕನ್ನು ಚೀಲದಲ್ಲಿ ಕಟ್ಟಿ ಮಾರುತ್ತಿದ್ದನಂತೆ. ಹಡಗಿನಲ್ಲಿದ್ದವರಿಗೆ ದಂಡೆ ನೆನಪಾಗಲಿ ಎಂದು ಚೀಲದ ಮೇಲೆ ದೀಪಸ್ತಂಭ ಅಚ್ಚು ಹಾಕಿಸಿದ. ಅವನ ಮಕ್ಕಳ ಕಾಲಕ್ಕೆ ಅದು ಕಾಗದದಲ್ಲಿ ಸುತ್ತಿದ ಸಿಗರೇಟಾಯಿತು, ಅದೂ ಹೆಂಗಸರಿಗೆ, ತುದಿಗೆ ಗುಲಾಬಿ ಬಣ್ಣ. ಹೆಂಗಸರು ಕೊಳ್ಳಲಿಲ್ಲವೆಂದು ಬಣ್ಣ ತೆಗೆದು ಸೈನಿಕರಿಗೆ ಕೊಟ್ಟರು. ಸೈನಿಕರು ಯುದ್ಧ ಹೋದಲ್ಲೆಲ್ಲ ಅದನ್ನೂ ಒಯ್ದರು. ಆಮೇಲೆ ಜನ ಕೆಮ್ಮತೊಡಗಿದಾಗ ಫಿಲ್ಟರ್ ಹಾಕಿದರು. ಇನ್ನೂ ಕೆಮ್ಮಿದಾಗ 'ಲೈಟ್' ಎಂದರು. ಲೈಟ್ ಎನ್ನುವುದೇ ಸುಳ್ಳು, ಹಾಗೆ ಬರೆಯಬೇಡಿ ಎಂದು ಸರಕಾರಗಳು ಗದರಿಸಿದಾಗ ಆ ಮಾತು ಅಳಿಸಿ ಪಾಕೀಟಿಗೆ ಬೆಳ್ಳಿ ಬಣ್ಣ ಬಳಿದರು. ಜನ ಬೆಳ್ಳಿ ಬಣ್ಣಕ್ಕೇ ಲೈಟ್ ಅನ್ನತೊಡಗಿದರು. ಇದರಲ್ಲಿ ಎಷ್ಟು ಖರೆ, ಹಡಗಿನ ಅಡುಗೆಮನೆಯಲ್ಲಿ ಹುಟ್ಟಿದ್ದು ಎಷ್ಟು, ನನಗೆ ಗೊತ್ತಿಲ್ಲ. ಕೇಳಲು ಚೆನ್ನಾಗಿತ್ತು. ನನ್ನ ಚಟಕ್ಕೊಂದು ವಂಶಾವಳಿ ಸಿಕ್ಕಂತಾಗಿತ್ತು. ಕೆಟ್ಟ ಕೆಲಸಕ್ಕೆ ಚರಿತ್ರೆ ಸಿಕ್ಕರೆ ಅದು ಅರ್ಧ ಒಳ್ಳೆಯ ಕೆಲಸವಾಗಿಬಿಡುತ್ತದೆ ಎಂದು ನನ್ನಂಥವರು ತಿಳಿಯುತ್ತಾರೆ.

ಸೇದಿದ ಮೇಲೆ ಪಾಕೀಟನ್ನು ಬಿಸಾಡದೆ ಮನೆಗೆ ತರುತ್ತಿದ್ದೆ. ಖಾಲಿ ಪಾಕೀಟಿಗೆ ನೇಮ ಅಡ್ಡ ಬರುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಡಬ್ಬಿ ತೆರೆದು ಜೋಡಿಸುವಾಗ ಹೆಂಡತಿಯೂ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ವರ್ಷ ಕಳೆದಂತೆ ದೀಪಸ್ತಂಭ ಸಣ್ಣದಾಗುತ್ತ ಬಂದದ್ದನ್ನು ಮೊದಲು ಗಮನಿಸಿದವಳು ಅವಳೇ. ಎಲ್ಲ ದೇಶಗಳೂ ಪಾಕೀಟಿನ ಮೇಲೆ ಕೊಳೆತ ಬಾಯಿ, ಕಪ್ಪಾದ ಪುಪ್ಪುಸಗಳ ಫೋಟೋ ಹಾಕಿಸತೊಡಗಿದ್ದವು. ನಮ್ಮ ಪಾಕೀಟಿನಲ್ಲಿ ಸ್ತಂಭವೆಲ್ಲ ಮುಳುಗಿ ದೀಪ ಮಾತ್ರ ಮೇಲೆ ಉಳಿಯಿತು. ಆಸ್ಟ್ರೇಲಿಯಾದಲ್ಲಿ ಅದೂ ಇಲ್ಲ. ಕೆಸರಿನ ಬಣ್ಣದ ರಟ್ಟು, ಮೂಲೆಯಲ್ಲಿ ಚಿಕ್ಕ ಅಕ್ಷರದ ಹೆಸರು. ಆ ಪಾಕೀಟಿನ ಮೇಲಿದ್ದದ್ದು ಒಬ್ಬ ಹೆಂಗಸಿನ ಫೋಟೋ. ನಮ್ಮ ವಯಸ್ಸಿನವಳು, ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಾಳೆ, ಮೂಗಿನಲ್ಲಿ ಆಮ್ಲಜನಕದ ನಳಿಗೆ.

'ಪಾಪ, ಎಷ್ಟ್ ಸೇದತಿದ್ಲೋ ಏನೋ ಈಕಿ' ಎಂದಳು ಹೆಂಡತಿ.

'ಆ ದೇಶದಾಗ ಹೆಂಗಸರೂ ಸೇದ್ತಾರ. ಗಂಡಸರ್ಗಿಂತ ಹೆಚ್ಚ' ಎಂದೆ ನಾನು, ಎಲ್ಲ ಬಲ್ಲವನಂತೆ. ಫೋಟೋದ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಇತ್ತು. ಕನ್ನಡಕ ಒಳಗಿತ್ತು, ನಾನು ಏಳಲಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ಬಸದಿಯ ಮೆಟ್ಟಿಲು ಹತ್ತುವಾಗ ಅವಳು ಅರ್ಧದಲ್ಲೇ ಕೂತಳು. ನಾಲ್ಕೇ ಮೆಟ್ಟಿಲು ಉಳಿದಿದ್ದವು. ಎದೆ ಏರಿಳಿಯುವುದು ಸೀರೆಯ ಮೇಲೆಯೇ ಕಾಣುತ್ತಿತ್ತು. ಪುಪ್ಪುಸದ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ವೈದ್ಯೆ ಚಿಕ್ಕ ವಯಸ್ಸಿನವರು. ನಳಿಗೆಯಲ್ಲಿ ಊದಿಸಿದರು, ಎದೆಯ ಫೋಟೋ ತೆಗೆಸಿದರು, ಕಾಗದಗಳನ್ನು ತಿರುವಿ ಹಾಕಿ ಕೇಳಿದರು.

'ಅಜ್ಜಿ... ಅಲ್ಲ, ಅಮ್ಮಾರ, ಮನ್ಯಾಗ ಕಟಗಿ ಒಲಿ ಐತೇನ್ರಿ?'

'ಇಲ್ಲರಿ. ಮದುವಿ ಆದಾಗಿಂದ ಗ್ಯಾಸ.'

'ಮನ್ಯಾಗ ಯಾರರ ಸಿಗರೇಟ ಸೇದ್ತಾರೇನ್ರಿ?'

ಅವಳು ಬಾಯಿ ತೆರೆಯುವ ಮೊದಲು ನಾನು ಹೇಳಿದೆ. 'ಮನ್ಯಾಗ ಯಾರೂ ಸೇದಂಗಿಲ್ಲರಿ.'

ಸುಳ್ಳು ಹೇಳಿದೆ ಎಂದು ಆಗ ಅನ್ನಿಸಲಿಲ್ಲ. ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಕಡ್ಡಿ ಗೀರಿದ್ದು ದೇವರ ದೀಪಕ್ಕೆ ಮಾತ್ರ. ಹೆಂಡತಿ ತೊಡೆಯ ಮೇಲಿದ್ದ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅದರೊಳಗೆ ಆ ವಾರದ ಪಾಕೀಟಿತ್ತು. ವೈದ್ಯೆ ನನ್ನ ಬೆರಳುಗಳನ್ನು ನೋಡಿದರು. ಎರಡು ಬೆರಳಿನ ಸಂದಿ ಅರಿಸಿನ ಹಚ್ಚಿದಂತಿದೆ, ಯಾವ ಸಾಬೂನಿಗೂ ಹೋಗುವುದಿಲ್ಲ. ಔಷಧ ಬರೆದರು.

ಹೆಂಡತಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಕನ್ನಡಕ ಮರೆತೆ ಎಂದು ಹೇಳಿ ನಾನು ಮತ್ತೆ ಒಳಗೆ ಹೋದೆ. ಬಾಗಿಲಲ್ಲೇ ನಿಂತು, 'ಡಾಕ್ಟರ, ನಾ ಗಾಡ್ಯಾಗ ಸೇದ್ತೀನ್ರಿ. ಈಕಿ ಬಾಜೂಕ ಕುಂತಿರ್ತಾಳ' ಎಂದೆ.

'ಎಷ್ಟು ವರ್ಷ ಆತ್ರಿ?'

'ಹನ್ನೊಂದು. ಅದಕ್ಕಿಂತ ಮೊದ್ಲು ಮನ್ಯಾಗ ಇಪ್ಪತ್ಮೂರು.'

'ಗಾಡಿ ಗ್ಲಾಸ್ ಇಳಿಸಿರ್ತೀರೇನು?'

'ಬ್ಯಾಸಗ್ಯಾಗ ಇಳಿಸಿರ್ತೀನ್ರಿ.' ಖಾನಾಪುರದ ಮಳೆ ಅವರಿಗೂ ಗೊತ್ತಿತ್ತು. ಜೂನ್ ಹಿಡಿದರೆ ನಾಲ್ಕು ತಿಂಗಳು ಆ ರಸ್ತೆಯಲ್ಲಿ ಗಾಜು ಇಳಿಸುವ ಮಾತೇ ಇಲ್ಲ.

ಅವರು ಪೆನ್ನು ಕೆಳಗಿಟ್ಟರು. 'ಅದೊಂದರಿಂದನ ಆಗೇತಿ ಅಂತ ನಾ ಹೇಳಂಗಿಲ್ಲರಿ. ಆದ್ರ ಅದನ್ನ ಬಿಟ್ಟು ಬ್ಯಾರೆ ಕಾರಣ ನನಗ ಕಾಣವಲ್ದು. ಉಸಿರಿನ ಶಕ್ತಿ ಹೋಗಿದ್ದು ಹೋತು, ಅದು ತಿರುಗಿ ಬರಂಗಿಲ್ಲ. ಉಳಿದಿದ್ದನ್ನ ಉಳಿಸ್ಕೋಬೇಕು.'

ಮನೆಗೆ ಬಂದು ಡಬ್ಬಿ ತೆಗೆದು, ಕನ್ನಡಕ ಹಾಕಿಕೊಂಡು, ಆಸ್ಟ್ರೇಲಿಯಾದ ಪಾಕೀಟಿನ ಸಣ್ಣ ಅಕ್ಷರ ಓದಿದೆ. ಆ ಹೆಂಗಸು ಜೀವನದಲ್ಲಿ ಒಂದು ಸಿಗರೇಟೂ ಸೇದಿದವಳಲ್ಲ. ಸೇದುತ್ತಿದ್ದವನು ಅವಳ ಗಂಡ. ಮೂರು ವರ್ಷ ಆ ಪಾಕೀಟು ನನ್ನ ಡಬ್ಬಿಯಲ್ಲಿತ್ತು. ಬಣ್ಣ ನೋಡಿದ್ದೆ, ಅಳತೆ ನೋಡಿದ್ದೆ, ದೀಪವಿಲ್ಲವಲ್ಲ ಎಂದು ಮರುಗಿದ್ದೆ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಅದನ್ನು ಹೆಂಡತಿಗೆ ತೋರಿಸಲು ಧೈರ್ಯ ಬರಲಿಲ್ಲ, ಹಾಗೇ ಕೆಳಗೆ ತುರುಕಿದೆ.

ಆ ದಿನದಿಂದ ಬಿಟ್ಟೆ. ಮಹಾರಾಜರ ಮುಂದೆ ಗಂಟಲಲ್ಲಿ ಸಿಕ್ಕಿಕೊಂಡ ಮಾತನ್ನು ಈಗ ಯಾರ ಮುಂದೆಯೂ ಕೂರದೆ ಹೇಳಿಕೊಂಡೆ. ಗಡಿ ಇಲ್ಲ, ಆಚೆ ಇಲ್ಲ, ಈಚೆ ಇಲ್ಲ, ಪೂರ್ತಿ. ಮೊದಲ ವಾರ ತಲೆ ಚಿಟ್ಟು ಹಿಡಿಯುತ್ತಿತ್ತು, ಅಂಗಡಿಯಲ್ಲಿ ಬ್ರೇಕ್ ಶೂ ಕೇಳಿದವನಿಗೆ ಕ್ಲಚ್ ಪ್ಲೇಟು ಕೊಟ್ಟು ಕಳಿಸಿದೆ. ಅರವತ್ತೊಂದನೆಯ ವಯಸ್ಸಿನಲ್ಲಿ ಒಂದು ಚಟ ಬಿಡುವುದೆಂದರೆ ಮೈಯ ಒಂದು ಭಾಗಕ್ಕೆ ಇನ್ನು ಮೇಲೆ ನೀನು ಬೇಡವೆಂದು ಹೇಳಿದ ಹಾಗೆ, ಅದು ಸುಮ್ಮನೆ ಹೋಗುವುದಿಲ್ಲ. ಆದರೂ ಒಳಗೊಂದು ಹೆಮ್ಮೆಯಿತ್ತು. ಇಷ್ಟು ಮಾಡಿದೆನಲ್ಲ, ಅವಳು ಒಂದು ಮಾತು ಮೆಚ್ಚಿ ಆಡುತ್ತಾಳೆ ಎಂದು ಕಾಯುತ್ತಿದ್ದೆ.

ಭಾನುವಾರ ಬಂತು. ಖಾನಾಪುರದ ರಸ್ತೆಗೆ ಹೋದರೆ ಟಯರ್ ಅಂಗಡಿ ಕಂಡು ಮನಸ್ಸು ಜಾರೀತೆಂದು ಹೊರಡಲಿಲ್ಲ. ಅವಳು ಮುಂಜಾನೆ ಒಳ್ಳೆಯ ಸೀರೆ ಉಟ್ಟಿದ್ದಳು. ಮಧ್ಯಾಹ್ನಕ್ಕೆ ಮನೆಯ ಸೀರೆಗೆ ಬದಲಿಸಿದ್ದು ಕಂಡೆ, ಕೇಳಲಿಲ್ಲ. ಎರಡನೆಯ ಭಾನುವಾರವೂ ಮನೆಯಲ್ಲೇ ಇದ್ದೆವು. ಅವಳು ಪಾತ್ರೆಗಳನ್ನು ಎಂದಿಗಿಂತ ಜೋರಾಗಿ ಇಡುತ್ತಿದ್ದಳು. ಮೂರನೆಯ ಭಾನುವಾರ ನಾನು ಟೀವಿಯ ಮುಂದೆ ಕೂತು ಶೇಂಗಾ ಸುಲಿಯುತ್ತಿದ್ದೆ. ಅವಳು ಬಾಗಿಲಲ್ಲಿ ಬಂದು ನಿಂತಳು.

'ಅಕ್ಕ ಫೋನ್ ಮಾಡಿದ್ಲು.'

'ಏನಂತ?'

'ಇನ್ನ ಬರೂದ ಇಲ್ಲೇನಂತ ಕೇಳಿದ್ಲು.'

'ನನಗ ಆ ಹಾದ್ಯಾಗ ಹೋಗೂದು ತ್ರಾಸ ಆಗ್ತೈತಿ. ಸಿಗರೇಟ ಬಿಟ್ಟೀನಿ, ಗೊತ್ತೈತಿಲ್ಲ ನಿನಗ? ನಿನ್ನ ಸಲುವಾಗೇ ಬಿಟ್ಟೀನಿ.'

ನನ್ನ ದನಿಯಲ್ಲಿ ಉಪಕಾರ ಮಾಡಿದವನ ಗತ್ತಿತ್ತು. ಅವಳು ಒಳಗೆ ಬಂದು ನನ್ನೆದುರಿನ ಕುರ್ಚಿಯಲ್ಲಿ ಕೂತಳು. ಕೂರುವಷ್ಟರಲ್ಲಿ ಉಸಿರು ಹಿಡಿದಿತ್ತು, ಸ್ವಲ್ಪ ತಡೆದು ಮಾತಾಡಿದಳು. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಪಾತ್ರೆ, ಬಾಗಿಲುಗಳ ನೆರವಿಲ್ಲದೆ ಅವಳು ಇಷ್ಟು ಉದ್ದ ಮಾತಾಡಿದ್ದು ನನಗೆ ನೆನಪಿಲ್ಲ.

'ನಿಮ್ಮ ನೇಮಕ್ಕಿಂತ ಮೊದ್ಲು ಇಪ್ಪತ್ಮೂರು ವರ್ಷದಾಗ ನನ್ನ ಅಕ್ಕನ ಮನಿಗೆ ಎಷ್ಟ್ ಸಲ ಕರ್ಕೊಂಡ ಹೋಗಿದ್ರಿ, ಹೇಳ್ರಿ ನೋಡೂಣು. ಐದು ಸಲ. ಆಕಿ ಗಂಡ ಸತ್ತಾಗ ಒಂದು, ಮಗಳ ಮದುವ್ಯಾಗ ಒಂದು, ಉಳಿದಿದ್ದು ಮೂರು. ಬಸ್ಸಿಗೆ ಹೋಗ್ತೀನಂದ್ರ ಬ್ಯಾಡ ಅಂದ್ರಿ, ಮಂದಿ ಏನಂತಾರ ಅಂದ್ರಿ. ಈಗ ಬಸ್ ಏರಾಕ ಉಸಿರಿಲ್ಲ. ನೇಮ ಹಿಡದ ಮ್ಯಾಲ ಒಂದ್ ಐತವಾರ ತಪ್ಪಲಿಲ್ಲ. ಜ್ವರಾ ಬಂದಾಗೂ ಹೋದ್ರಿ, ಮಳಿ ಬಂದಾಗೂ ಹೋದ್ರಿ. ನಾ ಪಾಕೀಟ ಹಿಡ್ಕೊಂಡ ಯಾಕ ಬರ್ತಿದ್ದೆ ಅಂತ ತಿಳ್ದೀರಿ ನೀವು? ನಿಮ್ಮ ವ್ರತ ಕಾಯಾಕ ಅಲ್ಲ. ಅಕ್ಕನ್ನ ನೋಡಾಕ.'

'ಮತ್ತ ಹೊಗಿ? ಹೊಗಿ ತ್ರಾಸ ಆಗ್ತೈತಿ ಅಂತ ಒಂದ್ ಮಾತು ಹೇಳಬಾರ್ದಿತ್ತಾ?' ಎಂದೆ.

'ಎರಡು ವರ್ಷ ಆತು ಕೆಮ್ಮು ಶುರು ಆಗಿ. ನಳ ಬಿಟ್ಟು ಬಚ್ಚಲದಾಗ ಕೆಮ್ಮತಿದ್ದೆ. ಹೇಳಿದ್ರ ನೀವು ಸಿಗರೇಟ ಬಿಡ್ತಿದ್ರಿ. ಸಿಗರೇಟ ಬಿಟ್ರ ಖಾನಾಪುರ ಬಿಡ್ತಿದ್ರಿ.' ಸೆರಗಿನಿಂದ ಬಾಯಿ ಒರೆಸಿಕೊಂಡು, 'ಈಗ ಬಿಟ್ರಿಲ್ಲ?' ಎಂದಳು.

ಟೀವಿಯಲ್ಲಿ ಯಾರೋ ನಗುತ್ತಿದ್ದರು. ನಾನು ಎದ್ದು ಅದನ್ನು ಬಂದ್ ಮಾಡಿದೆ. ಶೇಂಗಾದ ಸಿಪ್ಪೆ ನೆಲದ ತುಂಬ ಬಿದ್ದಿತ್ತು. ಅವಳು ಬಗ್ಗಿ ಎತ್ತಲು ಹೋದಾಗ ಕೈ ಹಿಡಿದು ತಡೆದೆ, ನಾನೇ ಎತ್ತಿದೆ. ಆ ಹೊತ್ತಿಗೆ ನನ್ನಿಂದಾದದ್ದು ಅಷ್ಟು. ಅಳು ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆದರೆ ಅಳುವುದಕ್ಕೂ ನನಗೆ ಹಕ್ಕಿದೆ ಅನ್ನಿಸಲಿಲ್ಲ.

ನಿನ್ನೆ ನಾಲ್ಕನೆಯ ಭಾನುವಾರ. ಮುಂಜಾನೆ ನಾನೇ ಗಾಡಿ ತೊಳೆದೆ. ಸೀಟಿನ ಬಟ್ಟೆಯಲ್ಲಿ ಕೂತ ಹನ್ನೊಂದು ವರ್ಷದ ವಾಸನೆಗೆ ಸಾಬೂನಿನ ನೀರು ಏನೂ ಮಾಡಲಿಲ್ಲ. ಅವಳು ಒಳ್ಳೆಯ ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಉದ್ಯಮಬಾಗ ದಾಟಿತು, ನನ್ನ ಬಾಯಿ ಒಣಗಿತು. ಪೀರನವಾಡಿಯ ಟಯರ್ ಅಂಗಡಿ ಬಂದಾಗ ಅವಳ ಕೈ ತಾನಾಗಿಯೇ ಜಿಪ್ಪಿನ ಮೇಲೆ ಹೋಗಿದ್ದನ್ನು ಕಣ್ಣಂಚಿನಲ್ಲಿ ನೋಡಿದೆ. ಕೈ ಅಲ್ಲೇ ನಿಂತಿತು. ಆಮೇಲೆ ಚೀಲ ತೆರೆದು, ಉಸಿರಿನ ಔಷಧದ ಪಂಪು ತೆಗೆದು, ಎರಡು ಸಲ ಎಳೆದುಕೊಂಡಳು. ಸೇದದೆ ಆ ರಸ್ತೆಯನ್ನು ನಾನು ಮೊದಲ ಸಲ ನೋಡಿದ್ದು. ದೇಸೂರಿನ ತಿರುವಿನಲ್ಲಿ ಅಷ್ಟು ದೊಡ್ಡ ಆಲದ ಮರವಿದೆ ಎಂದು ಗೊತ್ತಿರಲಿಲ್ಲ.

ಅಕ್ಕನ ಬಾಗಿಲಲ್ಲಿ ಈ ಸಲ ನಾನೂ ಇಳಿದೆ. ಹೊಳೆಗೆ ಹೋಗಿ ಮಾಡುವುದೇನು? ಹಡಗಿನ ಅಡುಗೆಯವ ಯಾವ ಸಮುದ್ರದಲ್ಲಿದ್ದಾನೋ. ನನ್ನನ್ನು ಒಳಗೆ ನೋಡಿ ಅಕ್ಕ ಗಾಬರಿಯಾದರು. 'ಕುಂದರ್ರಿ, ಕುಂದರ್ರಿ' ಎಂದು ಕುರ್ಚಿಯ ಮೇಲಿದ್ದ ಕುಪ್ಪಸದ ಬಟ್ಟೆಗಳನ್ನು ತೆಗೆದರು. ಚಹಾ ಬಂತು. ಅಕ್ಕತಂಗಿಯರಿಗೆ ನೀಲಿ ಹೂವಿನ ಎರಡು ಕಪ್ಪು, ನನಗೆ ಸ್ಟೀಲಿನ ಲೋಟ. ಆ ಮನೆಯಲ್ಲಿ ಇದ್ದದ್ದೇ ಎರಡು ಕಪ್ಪು. ಹನ್ನೊಂದು ವರ್ಷದಲ್ಲಿ ಮೂರನೆಯದು ಬೇಕಾಗಿರಲಿಲ್ಲ. ಇಬ್ಬರೂ ನನ್ನ ಮುಖ ನೋಡುತ್ತ, ಮಳೆ, ದಾರದ ಬಣ್ಣ ಎಂದು ಹೊರಗಿನವರ ಮುಂದೆ ಆಡುವ ಮಾತು ಆಡಿದರು. ಕೊನೆಗೆ ನಾನೇ ಎದ್ದು, 'ಹೊಳಿ ಕಡೆ ಹೋಗಿ ಬರ್ತೀನಿ' ಎಂದೆ. ಅಂಗಳ ದಾಟುವಷ್ಟರಲ್ಲಿ ಒಳಗಿನಿಂದ ಇಬ್ಬರ ನಗೆ ಕೇಳಿತು. ಹೆಂಡತಿ ಹಾಗೆ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಬಾಯಿ ತುಂಬ ನಕ್ಕು, ನಗುವಿನ ಕೊನೆಗೆ ಕೆಮ್ಮಿದಳು, ಮತ್ತೆ ನಕ್ಕಳು.

ಹೊಳೆಯ ದಂಡೆಯಲ್ಲಿ ಎರಡು ತಾಸು ನಿಂತೆ. ಕೈಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಒಮ್ಮೆ ಕಿಸೆಯಲ್ಲಿ ಇಟ್ಟೆ, ಒಮ್ಮೆ ಬೆನ್ನ ಹಿಂದೆ ಕಟ್ಟಿದೆ.

ಮರಳುವಾಗ ಮಚ್ಛೆಯ ಹತ್ತಿರ ಅವಳಿಗೆ ಜೋರು ಕೆಮ್ಮು ಬಂತು. ಬಚ್ಚಲಿಲ್ಲ, ನಳವಿಲ್ಲ, ನನ್ನ ಪಕ್ಕದಲ್ಲೇ ಕೂತು ಕೆಮ್ಮಿದಳು. ನಾನು ಗಾಡಿ ಬದಿಗೆ ಹಾಕಲು ಹೋದೆ. ಅವಳು ಕೈ ಅಡ್ಡ ಮಾಡಿದಳು.

'ನಿಲ್ಲಿಸಬ್ಯಾಡ್ರಿ. ಏನೂ ಆಗಿಲ್ಲ.'

'ಮುಂದಿನ ಐತವಾರಾನೂ ಬರೂಣು' ಎಂದೆ. 'ಅದೊಂದ ಅಲ್ಲ, ಇನ್ನ ಪ್ರತಿ ಐತವಾರ ಬರೂಣು.'

ಅವಳು ನನ್ನ ಕಡೆ ತಿರುಗಿ ನೋಡಿದಳು. ಅಂಗಡಿಯಲ್ಲಿ ಹೊಸ ಗಿರಾಕಿ ಮಾಲನ್ನು ತಿರುಗಿಸಿ ಮುರುಗಿಸಿ ನೋಡುತ್ತಾನಲ್ಲ, ಹಾಗೆ. 'ಸಿಗರೇಟ ಇಲ್ದನ?'

'ಇಲ್ದನ.'

ಪೀರನವಾಡಿ ಬಂತು. ಅವಳು ಚೀಲದ ಜಿಪ್ ತೆಗೆದು ಪಾಕೀಟು ಹೊರಗೆ ತೆಗೆದಳು. ವೈದ್ಯೆಯ ಮುಂದೆ ಅವಳ ತೊಡೆಯ ಮೇಲಿದ್ದ ಅದೇ ಪಾಕೀಟು. ಅದು ಅಲ್ಲಿದೆ ಎನ್ನುವುದನ್ನೇ ನಾನು ಮರೆತಿದ್ದೆ. ಒಳಗೆ ಎರಡು ಕಂದೀಲು ಉಳಿದಿದ್ದವು.

'ಕಿಡಕ್ಯಾಗಿಂದ ಒಗದ ಬಿಡು' ಎಂದೆ.

ಅವಳು ಗಾಜು ಇಳಿಸಲಿಲ್ಲ. ಪಾಕೀಟಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ, ಮತ್ತೆ ಚೀಲದೊಳಗೆ, ಉಸಿರಿನ ಪಂಪಿನ ಪಕ್ಕದಲ್ಲಿ ಇಟ್ಟಳು.

'ಇರ್ಲಿ ಬಿಡ್ರಿ' ಎಂದಳು. 'ಐತವಾರಕ್ಕ ನಿಮ್ಮನ್ನಷ್ಟ ನಂಬಿ ಹೆಂಗ ಕುಂದರ್ಲಿ?'